ಕೆಮ್ಮಿನ ಮೇಸ್ತ್ರಿಯೂ ಮೀನಮೇಷ ಎಣಿಸುವ ಕಾರುಗಳೂ

ಈ ಮೇಸ್ತ್ರಿಯ ಕಿವಿ ಎಂಥದ್ದೆಂದರೆ, ಊರಾಚೆ ನಡೆದುಹೋಗುವ ಇರುವೆಯ ಆರು ಕಾಲುಗಳಲ್ಲಿ ಯಾವುದು ಕುಂಟುತ್ತಿದೆ ಎಂಬುದನ್ನು ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಲೇ ಹೇಳಿಬಿಡುತ್ತಾರೆ. ಹಳೆಯ ಕಾರುಗಳು ಇವರ ಗಲ್ಲಿಯ ತಿರುವಿಗೆ ಬರುವಷ್ಟರಲ್ಲೇ ಹೆದರಿ ತಮ್ಮ ಕಾಯಿಲೆಯನ್ನು ತಾವೇ ಒಪ್ಪಿಕೊಳ್ಳುತ್ತವೆ. ವರ್ಷಗಟ್ಟಲೆ ಕೆಮ್ಮುತ್ತಿದ್ದ ಕಾರೊಂದು ಇವರು ಬರೀ ಗದರಿದ್ದಕ್ಕೆ ಕೆಮ್ಮು ಬಿಟ್ಟು, ಮರುದಿನದಿಂದ ರಾಗವಾಗಿ ಹಾಡತೊಡಗಿತಂತೆ. ನೀವು ನಂಬದಿದ್ದರೆ ಬೇಡ; ಗಲ್ಲಿಗೆ ಗಲ್ಲಿಯೇ ನಂಬಿದೆ, ನಮಗಷ್ಟು ಸಾಕು.

ಬೆಳಕು ಇನ್ನೂ ಹರಿದಿಲ್ಲ. ಗಲ್ಲಿಯ ಆ ತುದಿಯಲ್ಲಿ ಮನೆ, ಈ ತುದಿಯಲ್ಲಿ ಬಾಗಿಲೇ ಇಲ್ಲದ ತಗಡಿನ ಶೆಡ್ಡು. ಹೆಗಲ ಮೇಲೆ ಎಣ್ಣೆ ಕುಡಿದು ಕಪ್ಪಾದ ಬಟ್ಟೆ, ಕಾಲಿಗೆ ಒಂದಕ್ಕೊಂದು ನೆಂಟಸ್ತನವಿಲ್ಲದ ಎರಡು ಚಪ್ಪಲಿ, ಮೇಸ್ತ್ರಿ ಬರುತ್ತಾರೆ. ದೀಪ ಹಾಕುವುದಿಲ್ಲ. ಹಿಂದಿನ ಸಂಜೆ ತಂದು ನಿಲ್ಲಿಸಿದ ಕಾರಿನ ಬಾನೆಟ್ ಮೇಲೆ, ಮಲಗಿದ ಮಗುವಿನ ಹಣೆ ಮುಟ್ಟಿದಷ್ಟು ಮೆಲ್ಲಗೆ ಅಂಗೈ ಇಡುತ್ತಾರೆ. ಇಟ್ಟ ಕೈಯನ್ನು ತಟ್ಟನೆ ಹಿಂದೆಗೆಯುತ್ತಾರೆ. ಬಿಸಿ.

"ಇದ್ಯಾರು ನನಗಿಂತ ಮುಂಚೆ ಎದ್ದೋರು?"

"ನಾನೇ ಮೇಸ್ತ್ರಿ," ಎನ್ನುತ್ತದೆ ಕಾರಿನೊಳಗಿನ ಕತ್ತಲು. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ನರ್ಸಮ್ಮ ಬಾಗಿಲು ತೆಗೆದು ಇಳಿಯುತ್ತಾರೆ, ಕಾರು ಅವರದ್ದೇ. "ಬ್ಯಾಗು ಇದರಲ್ಲೇ ಬಿಟ್ಟಿದ್ದೆ. ತಗೊಳ್ಳೋಣ ಅಂತ ಬಂದೆ. ಪಾಪ, ರಾತ್ರಿಯೆಲ್ಲ ಚಳೀಲಿ ನಿಂತಿದೆಯಲ್ಲ ಅಂತ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟೆ. ನಿಮಗೂ ಸುಲಭ ಆಗ್ಲಿ ಅಂತ."

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು, ಬೋರಲು ಹಾಕಿದ ಆಯಿಲ್ ಡಬ್ಬದ ಮೇಲೆ ಕುಳಿತುಬಿಡುತ್ತಾರೆ.

"ಡಾಕ್ಟರು ಬರೋ ಮುಂಚೆ ಜ್ವರದ ಮಾತ್ರೆ ನುಂಗಿಸಿಬಿಟ್ರಲ್ಲ ನರ್ಸಮ್ಮ. ಈಗ ನಾನು ಏನಂತ ನೋಡಲಿ?"

ಹಳೆಯ ಕಾರುಗಳ ಜಾಯಮಾನವೇ ಹಾಗೆ. ರಾತ್ರಿಯಿಡೀ ತಣ್ಣಗೆ ಮಲಗಿ ಎದ್ದು ಮೊದಲ ಸಲ ಸ್ಟಾರ್ಟ್ ಆಗುವಾಗ ಮಾತ್ರ ಅವು ಸುಳ್ಳು ಹೇಳುವುದಿಲ್ಲ. ಎಂಜಿನ್ ಬಿಸಿಯಾಯಿತೆಂದರೆ ರಬ್ಬರು ಮೆತ್ತಗಾಗಿ ಬಿರುಕು ಮುಚ್ಚಿಕೊಳ್ಳುತ್ತದೆ, ಒದ್ದೆ ಆರುತ್ತದೆ, ಕೆಮ್ಮುತ್ತಿದ್ದದ್ದು ಸಭ್ಯಸ್ಥನಂತೆ ನಿಂತುಬಿಡುತ್ತದೆ. ಆದ್ದರಿಂದಲೇ ಮಿಸ್ಸಿಂಗ್ ಇರುವ, ಅಂದರೆ ಓಡುತ್ತಾ ಓಡುತ್ತಾ ತಡವರಿಸುವ, ಯಾವ ಗಾಡಿಯೂ ಇವರ ಶೆಡ್ಡಿನಲ್ಲಿ ಒಂದು ರಾತ್ರಿ ಕಳೆಯಲೇಬೇಕು. ಕತ್ತಲಿಗೂ ಕಾರಣವಿದೆ. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ಗಿಗೆ ಕರೆಂಟು ಒಯ್ಯುವ ವೈರು ಎಲ್ಲಿಯಾದರೂ ಒಡೆದಿದ್ದರೆ, ನೀರು ಚಿಮುಕಿಸಿದಾಗ ಅಲ್ಲಿಂದ ನೀಲಿ ಕಿಡಿ ಹಾರುತ್ತದೆ. ಅದು ಹಗಲಲ್ಲಿ ಕಾಣುವುದಿಲ್ಲ.

ಇವೆರಡೂ ನಿಜವಾದ ನಿಯಮಗಳು. ಮೂರನೆಯದೊಂದಿದೆ: ಸೂರ್ಯ ಹುಟ್ಟುವ ಮೊದಲು ಗಾಡಿಯ ಯಜಮಾನರು ಶೆಡ್ಡಿನ ಹತ್ತಿರ ಸುಳಿಯಬಾರದು. "ಎಂಜಿನ್‌ಗೆ ನಾಚಿಕೆ ಜಾಸ್ತಿ. ಯಜಮಾನ್ರ ಎದುರಿಗೆ ಬಾಯಿ ಬಿಡಲ್ಲ," ಎಂದು ಮೇಸ್ತ್ರಿ ಎಲ್ಲರಿಗೂ ಹೇಳುತ್ತಾ ಬಂದಿದ್ದಾರೆ. ಮನೆಯಲ್ಲಿ ಕೆಮ್ಮುವ ಗಾಡಿ ಶೆಡ್ಡಿಗೆ ಬಂದ ಕೂಡಲೇ ಗಪ್‌ಚಿಪ್ ಆಗುವುದನ್ನು ಎಲ್ಲರೂ ಕಂಡವರೇ ಆದ್ದರಿಂದ ಯಾರೂ ಮರುಮಾತಾಡಿಲ್ಲ.

ಆ ಮೂರನೆಯ ನಿಯಮ ಏಕೆ ಹುಟ್ಟಿತು ಎಂದು ಹೇಳುವ ಮೊದಲು, ಇರುವೆಯ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಬೇಕು.

ಮೇಸ್ತ್ರಿ ಮೀಸೆ ಮೂಡುವ ಮೊದಲೇ ಲಾರಿ ಕ್ಲೀನರ್ ಆದವರು. ಎಂಜಿನ್ ಪಕ್ಕದ ಹಲಗೆಯೇ ಹಾಸಿಗೆ. ಆಮೇಲೆ ಗ್ಯಾರೇಜು, ತಗಡು ಬಡಿಯುವ ಸುತ್ತಿಗೆ, ಸೈಲೆನ್ಸರ್ ಬಿಚ್ಚಿಟ್ಟು ಪೂರಾ ಆಕ್ಸಿಲರೇಟರ್ ಕೊಟ್ಟು ನೋಡುವ ಕೆಲಸ. ಸ್ವಂತ ಶೆಡ್ಡು ಹಾಕುವ ಹೊತ್ತಿಗೆ ಹೆಸರು ಹಬ್ಬಿತ್ತು. ದಿನಕ್ಕೆ ನೂರೆಂಟು ಕಾರು ನೋಡುತ್ತಾರೆಂದು ಬರೆಯುವ ಆಸೆ ನಮಗೆ ಬಹಳ ಇತ್ತು. "ಒಂದು," ಎನ್ನುತ್ತಾರೆ ಅವರು. "ಮಳೆ ಬಂದ್ರೆ ಎರಡು. ಮಳೆಗೆ ಎಲ್ಲಾ ಕೆಮ್ಮುತ್ತವೆ."

ಕಿವಿ ಮಂದವಾದದ್ದು ಅವರಿಗಿಂತ ಮೊದಲು ಹೆಂಡತಿಗೆ ಗೊತ್ತಾಯಿತು. ಗಲ್ಲಿಯವರೆಲ್ಲ ಅಕ್ಕ ಎಂದು ಕರೆಯುವ ಆಕೆ ಹೊಲಿಗೆ ಯಂತ್ರದ ಮುಂದೆ ಕುಳಿತು, ಕುಕ್ಕರ್ ಕೂಗಿದ ಮೇಲೆ ಒಲೆ ಆರಿಸಲು ಗಂಡನಿಗೆ ಹೇಳಿದ್ದರು. ಕುಕ್ಕರ್ ಕೂಗಿ ಕೂಗಿ ಸುಸ್ತಾಯಿತು. ಗಂಡ ಅದರ ಮುಂದೆಯೇ ಪೇಪರು ಓದುತ್ತಾ ಕುಳಿತಿದ್ದರು. "ನನ್ನ ಮೇಲಿನ ಕೋಪಕ್ಕೆ ಬೇಳೆ ಸೀಯಿಸ್ತಾರೆ ಅಂದ್ಕೊಂಡೆ," ಎನ್ನುತ್ತಾರೆ ಅಕ್ಕ. "ಚೆನ್ನಾಗಿ ಬೈದೆ. ಆಮೇಲೆ ನೋಡಿದ್ರೆ ಮನುಷ್ಯ ಪಿಳಿಪಿಳಿ ಅಂತ ನೋಡ್ತಾ ಇದ್ದಾರೆ. ಯಾವಾಗ ಕೂಗ್ತು ಅಂತ ನನ್ನನ್ನೇ ಕೇಳ್ತಾರೆ."

ಮಾತು ಕೇಳಿಸುತ್ತದೆ. ಲಾರಿಯ ಗುಡುಗು ಕೇಳಿಸುತ್ತದೆ. ಕೇಳಿಸದೆ ಹೋದದ್ದು ಕೀರಲು ದನಿಯ ತೆಳು ಸದ್ದುಗಳು: ಕುಕ್ಕರಿನ ಕೂಗು, ಗುಬ್ಬಿ, ಮತ್ತು ಎಂಜಿನ್‌ನ ಬಿರುಕಿನಲ್ಲಿ ಗಾಳಿ ಒಳಗೆ ನುಗ್ಗುವಾಗಿನ "ಉಸ್". ಹಳೆಯ ಕಾರು ಹಿಂದೆಮುಂದೆ ನೋಡಲು ಬಹಳ ಸಲ ಈ ಉಸ್ಸೇ ಕಾರಣ. ಎಂಜಿನ್ ಹೀರಬೇಕಾದದ್ದು ಪೆಟ್ರೋಲು ಬೆರೆತ ಗಾಳಿ. ಒಡೆದ ಪೈಪಿನಿಂದ ಬರೀ ಗಾಳಿ ನುಗ್ಗಿದರೆ ಎಂಜಿನ್‌ನ ನಾಲ್ಕು ಸಿಲಿಂಡರ್‌ಗಳಲ್ಲಿ ಒಂದು ಸೋಮಾರಿಯಾಗುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ.

ಆ ವರ್ಷ ಒಂದು ಕಾರು ಮೂರು ಸಲ ಶೆಡ್ಡಿಗೆ ಮರಳಿ ಬಂತು. ಮೇಸ್ತ್ರಿ ಪ್ಲಗ್ಗು ಬದಲಿಸಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು, ನಿದ್ದೆ ಬಿಟ್ಟರು. ಒಂದು ಬೆಳಿಗ್ಗೆ ಟೀ ತಂದ ಅಕ್ಕ ಅಲ್ಲೇ ನಿಂತು, "ರೀ, ಇದರೊಳಗೆ ಹಾವು ಹೊಕ್ಕಿದೆ. ಉಸ್ ಅಂತಿದೆ ನೋಡಿ," ಎಂದರು. ಮೇಸ್ತ್ರಿ ಕೋಲು ಹಿಡಿದು ಕಾರಿನ ಅಡಿಯೆಲ್ಲ ತಡಕಾಡಿದರು. ಹಾವು ಹದಿನಾರು ಅಡಿ ಉದ್ದವಿತ್ತೆಂದು ನಾವು ಬೇಕಾದರೆ ಆಣೆ ಮಾಡುತ್ತೇವೆ. ಅವರಿಗೆ ಸಿಕ್ಕಿದ್ದು ಮಾತ್ರ, ಅಕ್ಕನ ಬೆರಳು ತೋರಿಸಿದ ಜಾಗದಲ್ಲಿ ಸೀಳಿದ ಒಂದು ರಬ್ಬರ್ ಪೈಪು.

ಅಂದಿನಿಂದ ಬೆಳಕು ಹರಿಯುವ ಮುನ್ನ ಶೆಡ್ಡಿನಲ್ಲಿ ಇಬ್ಬರು. ಒಂದು ಮೊಳ ಉದ್ದದ ರಬ್ಬರ್ ಕೊಳವೆಯ ಒಂದು ತುದಿ ಎಂಜಿನ್ ಹತ್ತಿರ, ಇನ್ನೊಂದು ತುದಿ ಅಕ್ಕನ ಕಿವಿಯಲ್ಲಿ. ಸೂರ್ಯ ಹುಟ್ಟುವಷ್ಟರಲ್ಲಿ ಅಕ್ಕ ಮನೆಗೆ, ಮೇಸ್ತ್ರಿಯ ಹೆಸರು ಊರಿಗೆ. ಕಿವಿ ಕೇಳದವನ ಕೈಗೆ ಮಿಸ್ಸಿಂಗ್ ಗಾಡಿ ಯಾರು ಕೊಟ್ಟಾರು ಎಂಬ ಭಯದಿಂದ ಆ ಮೂರನೆಯ ನಿಯಮ ಹುಟ್ಟಿತು.

ಆ ನಿಯಮವನ್ನೇ ನರ್ಸಮ್ಮ ಈ ಬೆಳಿಗ್ಗೆ ತುಳಿದು ನಿಂತಿದ್ದಾರೆ.

"ನೀವು ಮನೆಗೆ ಹೋಗಿ ನರ್ಸಮ್ಮ. ತಣ್ಣಗಾದ ಮೇಲೆ ನೋಡ್ತೀನಿ."

"ಇಲ್ಲೇ ಇರ್ತೀನಿ. ಹತ್ತು ಗಂಟೆಗೆ ದೊಡ್ಡ ರಸ್ತೆಯ ಆಚೆ ಒಬ್ಬಳು ಹುಡುಗಿ ಕಾಯ್ತಿರ್ತಾಳೆ, ಮೊದಲ ಕೂಸು, ಹಾಲು ಕುಡೀತಿಲ್ಲ. ಮೊನ್ನೆ ಆ ರಸ್ತೆ ದಾಟೋವಾಗ ಇದು ನಡುವೆ ನಿಂತು ಮೀನಮೇಷ ಎಣಿಸ್ತಿತ್ತು ಮೇಸ್ತ್ರಿ. ಲಾರಿ ನನ್ನ ಕನ್ನಡಿ ಕಿತ್ತುಕೊಂಡು ಹೋಯ್ತು. ಇವತ್ತು ಸರಿಯಾಗದೆ ನಾನು ಇದನ್ನ ಆ ರಸ್ತೆಗೆ ಹತ್ತಿಸಲ್ಲ."

ಮೇಸ್ತ್ರಿ ಬಾನೆಟ್ ಎತ್ತಿ, ಎಂಜಿನ್‌ನ ರಬ್ಬರ್ ಪೈಪುಗಳಿಗೆಲ್ಲ ತಣ್ಣೀರಲ್ಲಿ ಅದ್ದಿದ ಬಟ್ಟೆ ಸುತ್ತುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿ, ಉಳಿದಿರುವ ಕತ್ತಲಲ್ಲೇ ವೈರುಗಳ ಮೇಲೆ ನೀರು ಚಿಮುಕಿಸಿ ನೋಡುತ್ತಾರೆ, ಕಿಡಿ ಇಲ್ಲ. ನಾಲ್ಕು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಯಾವುದನ್ನು ಕಿತ್ತರೂ ಎಂಜಿನ್ ತತ್ತರಿಸುತ್ತದೆ. ಮೂರನೆಯದನ್ನು ಕಿತ್ತಾಗ ಮಾತ್ರ ಅಷ್ಟಾಗಿ ಇಲ್ಲ. ಇದ್ದರೂ ಇಲ್ಲದಿದ್ದರೂ ಒಂದೇ ಆದ ಸೋಮಾರಿ ಸಿಕ್ಕಿತು. ಮೂರರ ಪ್ಲಗ್ಗನ್ನು ಒಂದಕ್ಕೆ, ಒಂದರದ್ದನ್ನು ಮೂರಕ್ಕೆ ಹಾಕುತ್ತಾರೆ. ಸೋಮಾರಿತನ ಪ್ಲಗ್ಗಿನ ಜೊತೆ ಹೋಗಲಿಲ್ಲ, ಮೂರರಲ್ಲೇ ಉಳಿಯಿತು. ಅಂದರೆ ತಪ್ಪು ಪ್ಲಗ್ಗಿನದಲ್ಲ, ಹತ್ತಿರದಲ್ಲೆಲ್ಲೋ ಗಾಳಿ ಸೇರುತ್ತಿದೆ. ಇಷ್ಟೂ ಅಂಗೈಯಿಂದ ತಿಳಿದದ್ದು; ಮಡ್‌ಗಾರ್ಡ್ ಮೇಲಿಟ್ಟ ಅವರ ಎಡಗೈ ಎಂಜಿನ್‌ನ ಒಂದೊಂದು ಹೆಜ್ಜೆಯನ್ನೂ ಬಲ್ಲದು.

ಮುಂದಿನದು ಅಂಗೈಗೆ ತಿಳಿಯುವಂಥದ್ದಲ್ಲ. ಎಂಜಿನ್ ಆಫ್ ಮಾಡಿ, ಒದ್ದೆ ಬಟ್ಟೆ ಬದಲಿಸುತ್ತಾ ಅವರು ಕಾಯುತ್ತಾರೆ. ಬೆಳಕು ಪೂರ್ತಿ ಹರಿದಿದೆ. ಅಕ್ಕ ಟೀ ತಂದವರು ನರ್ಸಮ್ಮನನ್ನು ಕಂಡು ಲೋಟ ಇಟ್ಟು ಅಲ್ಲೇ ನಿಂತಿದ್ದಾರೆ. ರಬ್ಬರು ತಣ್ಣಗಾಗಿ ಎಷ್ಟೋ ಹೊತ್ತಾದರೂ ಮೇಸ್ತ್ರಿ ಬಿಗಿದ ಬೋಲ್ಟನ್ನೇ ಮತ್ತೆ ಬಿಗಿ ಮಾಡುತ್ತಾರೆ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಾರೆ. ಕಾರಿನ ಕಾಯಿಲೆ ಈಗ ಮೇಸ್ತ್ರಿಗೇ ಹತ್ತಿದೆ.

"ಕೊಡಿ ಇಲ್ಲಿ," ಎನ್ನುತ್ತಾರೆ ಅಕ್ಕ. ಮೊಳೆಗೆ ನೇತುಹಾಕಿದ ಕೊಳವೆಯನ್ನು ತಾವೇ ತೆಗೆದು, ಸೆರಗಿನಲ್ಲಿ ಒರೆಸಿ, ಕಿವಿಗಿಡುತ್ತಾರೆ. "ಸ್ಟಾರ್ಟ್ ಮಾಡಿ."

"ಏ, ನರ್ಸಮ್ಮ ಇದ್ದಾರೆ ಕಣೇ..."

"ಇದ್ದರೆ ಇರಲಿ. ಅಲ್ಲಿ ಕೂಸು ಹಸಿದಿದೆ."

ಮೇಸ್ತ್ರಿ ಕೀ ತಿರುಗಿಸುತ್ತಾರೆ. ನರ್ಸಮ್ಮ ಇಬ್ಬರನ್ನೂ ನೋಡುತ್ತಾರೆ. ಅರ್ಥವಾಗಲು ಬಹಳ ಹೊತ್ತು ಬೇಕಾಗುವುದಿಲ್ಲ. "ಎಷ್ಟು ದಿನದಿಂದ ಮೇಸ್ತ್ರಿ?"

"ತುಂಬಾ ದಿನ ಆಯ್ತು." ಮೇಸ್ತ್ರಿ ತಲೆ ಎತ್ತುವುದಿಲ್ಲ. "ಮೊದಲೇ ಹೇಳಿದ್ರೆ ನೀವು ಗಾಡಿ ಬಿಡ್ತಿದ್ರಾ?"

ನರ್ಸಮ್ಮ ಯೋಚಿಸುತ್ತಾರೆ. "ಸುಳ್ಳು ಯಾಕೆ ಹೇಳಲಿ? ಬಿಡ್ತಿರಲಿಲ್ಲವೇನೋ. ಎಷ್ಟು ವರ್ಷದಿಂದ ಇದು ನಿಮ್ಮ ಕೈಲೇ ಓಡ್ತಿದೆ. ಎಲ್ಲಾ ನಿಮ್ಮ ಕಿವಿ ಅಂದ್ಕೊಂಡಿದ್ದೆ..."

"ಇಬ್ರೂ ಸ್ವಲ್ಪ ಬಾಯಿ ಮುಚ್ಚಿ," ಎನ್ನುತ್ತಾರೆ ಅಕ್ಕ, ಎಂಜಿನ್ ಮೇಲೆ ಬಗ್ಗಿದ್ದವರು. "ಕೇಳಿಸ್ತಿಲ್ಲ ನನಗೆ."

ಇಬ್ಬರೂ ಬಾಯಿ ಮುಚ್ಚುತ್ತಾರೆ. ಕೊಳವೆಯ ತುದಿ ಇಂಚಿಂಚೇ ಸರಿಯುತ್ತದೆ. ಒಂದು ದಪ್ಪ ಪೈಪು ಬಗ್ಗಿ ಎಂಜಿನ್ ಸೇರುವ ಕಡೆ, ಕೆಳಮಗ್ಗುಲಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ ಅಕ್ಕ ನಿಲ್ಲಿಸುತ್ತಾರೆ. "ಇಲ್ಲಿ." ಮೇಸ್ತ್ರಿ ಕೈ ತೂರಿಸಿ ಅಲ್ಲಿ ಹೆಬ್ಬೆರಳು ಒತ್ತುತ್ತಾರೆ. ಮಡ್‌ಗಾರ್ಡ್ ಮೇಲಿನ ಎಡಗೈಗೆ ತಿಳಿಯುತ್ತದೆ: ಕುಂಟುತ್ತಿದ್ದ ಎಂಜಿನ್ ನಾಲ್ಕೂ ಹೆಜ್ಜೆ ಸಮನಾಗಿ ಇಡತೊಡಗಿದೆ. ಹೆಬ್ಬೆರಳು ತೆಗೆದರೆ ಕುಂಟು, ಇಟ್ಟರೆ ಸರಿ. ಅವರು ತೆಗೆದು, ಇಟ್ಟು, ಮತ್ತೆ ತೆಗೆದು, ಹೆಂಡತಿಯ ಮುಖ ನೋಡಿ ನಗುತ್ತಾರೆ. "ಹಾವು," ಎನ್ನುತ್ತಾರೆ.

ಹೊಸ ಪೈಪು, ಎರಡು ಕ್ಲಿಪ್ಪು, ಕೆಲಸ ಮುಗಿಯಿತು. ರಿಪೇರಿಯಾದ ಗಾಡಿಯನ್ನು ಮೇಸ್ತ್ರಿಯೇ ಒಂದು ಸುತ್ತು ಓಡಿಸಿ ನೋಡುವುದು ವಾಡಿಕೆ. ಅವರು ಕೈ ಒರೆಸಿಕೊಂಡು ಬಂದರೆ ನರ್ಸಮ್ಮ ಆಗಲೇ ಸ್ಟೇರಿಂಗ್ ಹಿಡಿದಾಗಿದೆ.

"ನೀವು ಬೇಡ ಮೇಸ್ತ್ರಿ. ಅಕ್ಕಾ, ಬನ್ನಿ, ಕೂತ್ಕೊಳ್ಳಿ. ದೊಡ್ಡ ರಸ್ತೇಲಿ ಮತ್ತೆ ಉಸ್ ಅಂದ್ರೆ ನೀವೇ ಹೇಳಬೇಕು."

ಅಕ್ಕ ಗಂಡನ ಕಡೆ ನೋಡುತ್ತಾರೆ. ಇಷ್ಟು ವರ್ಷಗಳಲ್ಲಿ ರಿಪೇರಿಗೆ ಬಂದ ಒಂದು ಗಾಡಿಯಲ್ಲೂ ಅವರು ಕುಳಿತವರಲ್ಲ. ಮೇಸ್ತ್ರಿ ಮುಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಹೆಗಲ ಬಟ್ಟೆ ಹಾಸಲು ಹೋಗಿ, ಅದರ ಕೊಳೆ ನೋಡಿ ಮತ್ತೆ ಹೆಗಲಿಗೇ ಹಾಕಿಕೊಳ್ಳುತ್ತಾರೆ. "ಹೋಗಿ ಬಾ," ಎನ್ನುತ್ತಾರೆ.

ಮುಂದೆ ನಡೆದದ್ದನ್ನು ನಾವು ಬಹಳ ಸೊಗಸಾಗಿ ಬರೆದಿದ್ದೆವು. ಕಾರು ಹದ್ದಿನಂತೆ ಎದ್ದು, ಎರಡು ಲಾರಿಗಳ ನೆತ್ತಿಯ ಮೇಲೆ ಹಾರಿ ಆಚೆ ಇಳಿಯಿತು, ಜನ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು, ಅಂತೆಲ್ಲ. ಅಚ್ಚಿಗೆ ಕಳಿಸುವ ಮೊದಲು ಶೆಡ್ಡಿನಲ್ಲಿ ಓದಿ ಹೇಳಿದೆವು. ಕಿವಿಯ ಸಂಗತಿ ಇರಲೋ ಬೇಡವೋ ಎಂದು ಕೇಳಿದ್ದಕ್ಕೆ ಮೇಸ್ತ್ರಿ, "ಇರಲಿ. ಆವತ್ತು ವಿಷಯ ಗೊತ್ತಾದ ಮೇಲೆ ಒಬ್ಬರು ಗಾಡಿ ವಾಪಸ್ ತಗೊಂಡು ಹೋದ್ರು, ಅದನ್ನೂ ಬರೀರಿ. ಉಳಿದೋರು ಬೆಳಿಗ್ಗೆ ಬಂದು ಇವಳಿಗೆ ಸ್ಟೂಲ್ ಹಾಕ್ತಾರೆ," ಎಂದರು. ಹದ್ದಿನ ಸಾಲು ಬಂದಾಗ ಮಾತ್ರ ಅಕ್ಕ ತಡೆದರು.

"ಹಾರಿತಾ? ನಾನು ಒಳಗೇ ಕೂತಿದ್ದೆನಲ್ಲ. ನನಗೆ ಗೊತ್ತಾಗದ ಹಾಗೆ ಯಾವಾಗ ಹಾರಿತು?"

ಸರಿ, ಸಿಕ್ಕಿಬಿದ್ದೆವು. ಹಾರಲಿಲ್ಲ. ಕಾರು ರಸ್ತೆಯ ಅಂಚಿನಲ್ಲಿ ನಿಂತಿತು. ನರ್ಸಮ್ಮ ಎರಡೂ ಕಡೆ ನೋಡಿದರು. ಅಕ್ಕ ಕಣ್ಣು ಮುಚ್ಚಿ ಆಲಿಸಿ, ಹೂಂ ಎಂದರು. ಕಾರು ಹೊರಟಿತು, ದಾಟಿತು, ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನೋಡುತ್ತಿದ್ದವರು ಗಲ್ಲಿಯ ಬಾಯಲ್ಲಿ ನಿಂತಿದ್ದ ಮೇಸ್ತ್ರಿಯೊಬ್ಬರೇ. ಅಷ್ಟು ದೂರದಿಂದ ಎಂಜಿನ್ ಸದ್ದು ಕೇಳಿಸಿತೇ ಎಂದು ಅವರನ್ನು ಕೇಳಿದೆವು.

"ಇಲ್ಲ," ಎಂದರು. "ಆಚೆ ದಡ ಸೇರಿದ ಮೇಲೆ ಇವಳು ಕಿಟಕೀಲಿ ಒಮ್ಮೆ ತಿರುಗಿ ನೋಡಿದಳು. ಆ ಮುಖ ನೋಡಿದೆ. ಸರಿಯಾಗಿದೆ ಅಂತ ಗೊತ್ತಾಯ್ತು."