ಇದ್ದದ್ದೊಂದೇ ಪದವಿ ಪತ್ರ

ಗಲ್ಫಿನ ಅಲ್ ಖುವೈರ್‌ನ ಕಟ್ಟಡ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿ ನಾನಾಗ ಗುಮಾಸ್ತ. ನಮ್ಮೂರ ಕಡೆಯವನೇ ಒಬ್ಬ ಸುಳ್ಳು ಸರ್ಟಿಫಿಕೇಟಿನ ಜೆರಾಕ್ಸ್ ತೋರಿಸಿ ಫೋರ್‌ಮನ್ ಆಗಿ ಮೆರೆದಿದ್ದ. ಅವನು ಸಿಕ್ಕಿಬಿದ್ದ ಮೇಲೆ ನನಗೆ ಎಲ್ಲಿಲ್ಲದ ರೋಷ. ಇನ್ನು ಹೊಸಬರ ಮೂಲ ಪದವಿ ಪತ್ರವನ್ನೇ ಅವರ ವಿಶ್ವವಿದ್ಯಾಲಯಕ್ಕೆ ಅಂಚೆಯಲ್ಲಿ ಕಳಿಸಿ ಖಾತ್ರಿ ಮಾಡಿಕೊಳ್ಳಬೇಕು ಎಂದು ಕಾನೂನು ಮಾಡಿದವನು ನಾನೇ. ಉಡುಪಿಯವರಾದ ಮ್ಯಾನೇಜರು "ಭಾರೀ ತಲೆ ಮಾರಾಯ ನಿಂದು" ಎಂದು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಆಫ್ರಿಕಾದಿಂದ ಬಂದಿದ್ದ ಸರ್ವೇಯರ್ ಒಬ್ಬ ಮಾತ್ರ ಪತ್ರ ಕೊಡಲು ಹಿಂದೆಮುಂದೆ ನೋಡಿದ.

"ಸರ್, ನನ್ನ ಹತ್ತಿರ ಇರೋದು ಇದೊಂದೇ. ಊರಲ್ಲಿ ಯುದ್ಧ ಶುರುವಾಗಿದೆ."

"ಅಸಲಿ ಆದ್ರೆ ಹೆದರಿಕೆ ಎಂತಕ್ಕೆ?" ಎಂದು ಗದರಿದೆ. ಜೆರಾಕ್ಸ್ ಒಂದನ್ನು ಫೈಲಿಗೆ ಹಾಕಿ ಮೂಲವನ್ನು ಕಳಿಸಿಬಿಟ್ಟೆ.

ಆರು ತಿಂಗಳಾದರೂ ಉತ್ತರವಿಲ್ಲ, ಪತ್ರವೂ ವಾಪಸಿಲ್ಲ. "ಹಾಗಾದ್ರೆ ಅದು ನಕಲಿಯೇ. ಖಲಾಸ್, ವೀಸಾ ಕ್ಯಾನ್ಸಲ್ ಮಾಡು" ಎಂದರು ಮ್ಯಾನೇಜರು. ಕಾಗದ ಟೈಪ್ ಮಾಡಿದವನೂ ನಾನೇ. ಮುಂದೆ ಆಫೀಸು ಬೇರೆ ಕಟ್ಟಡಕ್ಕೆ ಹೋಗುವಾಗ, ಕೆಲಸ ಬಿಟ್ಟವರ ಫೈಲುಗಳನ್ನೆಲ್ಲ ಹರಿದು ಎಸೆದೆ.

ಮೂರು ವರ್ಷ ಕಳೆದಿರಬೇಕು. ಆ ಸೆಕೆಯಲ್ಲೂ ಕೋಟು ತೊಟ್ಟ ಮುದುಕರೊಬ್ಬರು ಆಫೀಸಿಗೆ ಬಂದು ನನ್ನೆದುರು ಕುಳಿತರು. ಆ ಸರ್ವೇಯರ್ ಓದಿದ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಅವರು. ಬ್ರಿಟಿಷರು ಕಟ್ಟಿಹೋದ ವಿಶ್ವವಿದ್ಯಾಲಯವಂತೆ. ಯುದ್ಧದಲ್ಲಿ ಸೈನಿಕರು ಅದರೊಳಗೆ ಬೀಡುಬಿಟ್ಟು, ಪದವೀಧರರ ಹೆಸರಿದ್ದ ದಪ್ಪ ಪುಸ್ತಕಗಳನ್ನು ಒಲೆಗೆ ಹಾಕಿ ಅಡುಗೆ ಮಾಡಿದರಂತೆ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನನ್ನ ಲಕೋಟೆ ಹೋಗಿದ್ದೂ ಅಲ್ಲಿಗೇ!

"ಯುದ್ಧ ಮುಗಿದ ಮೇಲೆ ಕಟ್ಟಡಕ್ಕೆ ಮಾಡು ಹೊದಿಸಿದೆವು. ಈಗ ಆ ಪುಸ್ತಕಗಳನ್ನು ಮತ್ತೆ ಬರೆಯಬೇಕು" ಎಂದರು. ಅದಕ್ಕೇ ಹಳೆಯ ವಿದ್ಯಾರ್ಥಿಗಳು ದುಡಿದ ಆಫೀಸುಗಳನ್ನು ಹುಡುಕಿಕೊಂಡು, ಅವರ ಪತ್ರಗಳ ಪ್ರತಿ ಕೇಳುತ್ತ ತಿರುಗುತ್ತಿದ್ದರು.

"ನಿಮ್ಮ ಸರ್ವೇಯರ್ ಈಗ ನಮ್ಮಲ್ಲೇ ಇದ್ದಾನೆ. ಎಂಜಿನಿಯರಿಂಗ್ ವಿಭಾಗದ ಗೋಡೆ ಏಳುತ್ತಿದೆ, ಅದಕ್ಕೆ ಇಟ್ಟಿಗೆ ಹೊರುತ್ತಾನೆ. ಪ್ರತಿ ಸಿಕ್ಕರೆ ಅಲ್ಲೇ ಪಾಠ ಹೇಳುವ ಕೆಲಸ ಕೊಡುತ್ತೇವೆ. ನಿಮ್ಮ ಫೈಲಿನಲ್ಲಿ ಖಂಡಿತ ಇದೆ ಅಂದ."

ಅಯ್ಯೋ ದೇವರೇ! ಫೈಲು ಹರಿದುಹಾಕಿದೆ ಎಂದು ಹೇಗೋ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚೀಲದಿಂದ ಒಂದು ಹಾಳೆ ತೆಗೆದು ನನ್ನೆದುರು ಇಟ್ಟರು. "ಪತ್ರವನ್ನು ಕಣ್ಣಾರೆ ಕಂಡವರ ಹೇಳಿಕೆಯನ್ನೂ ಒಪ್ಪುತ್ತೇವೆ. ನೀವು ಕಂಡಿದ್ದೀರಲ್ಲ? ಯಾವ ವರ್ಷ, ಯಾವ ದರ್ಜೆ, ಅಷ್ಟು ಬರೆದರೆ ಸಾಕು."

ಪೆನ್ನು ತೆಗೆದುಕೊಂಡೆ. ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಆ ಪತ್ರ ಎಷ್ಟು ಸಲ ನನ್ನ ಕೈಯಲ್ಲಿತ್ತು! ಬೆಳಕಿಗೆ ಹಿಡಿದಿದ್ದೆ, ಸೀಲು ಉಜ್ಜಿದ್ದೆ, ಸಹಿ ಅಸಲಿಯೋ ಎಂದು ಭೂತಗನ್ನಡಿಯಲ್ಲಿ ನೋಡಿದ್ದೆ. ಅದರಲ್ಲಿ ಏನು ಬರೆದಿದೆ ಎಂದು ಮಾತ್ರ ಒಮ್ಮೆಯೂ ಓದಿರಲಿಲ್ಲ.