ಹದಿನೇಳನೇ ತಗಡಿನ ಹೆಬ್ಬೆಟ್ಟು

ಬೆಳಿಗ್ಗೆ ಆರು ಗಂಟೆ. ಕಾರು ಕಾರ್ಖಾನೆಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ಐವತ್ತೇಳು ವರ್ಷದ ಹೆಂಗಸೊಬ್ಬರು ದೊಡ್ಡದೊಂದು ಪೆಟ್ಟಿಗೆಯ ಮುಚ್ಚಳ ಎತ್ತುತ್ತಾರೆ. ಒಳಗಿನ ಉಪ್ಪುಮಂಜು ಎದ್ದು ಬಂದು ಕನ್ನಡಕವನ್ನೆಲ್ಲ ಮಬ್ಬು ಮಾಡುತ್ತದೆ. ಸೆರಗಿನಿಂದ ಅದನ್ನು ಒರೆಸಿಕೊಂಡು, ಸಾಲಾಗಿ ಒರಗಿ ನಿಂತ ಇಪ್ಪತ್ತನಾಲ್ಕು ತಗಡುಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತಾರೆ. ಒಂದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಕಂಡದ್ದೇ ತಡ, ಮುಖ ಅರಳುತ್ತದೆ.

"ಅಂತೂ ಬಂದ ನೋಡಿ," ಎನ್ನುತ್ತಾರೆ, ಬಹಳ ದಿನದಿಂದ ಕಾದಿದ್ದ ನೆಂಟ ಬಾಗಿಲಿಗೆ ಬಂದ ಹಾಗೆ.

ಈ ಕಾರ್ಖಾನೆಯಲ್ಲಿ ಎರಡು ಸಾವಿರ ಜನ ಕಾರಿಗೆ ತುಕ್ಕು ಹಿಡಿಯದಿರಲಿ ಎಂದು ದುಡಿಯುತ್ತಾರೆ. ಹಿಡಿಯಲಿ ಎಂದು ಸಂಬಳ ಪಡೆಯುವವರು ಇವರೊಬ್ಬರೇ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರೂ ಇವರನ್ನು ತುಕ್ಕಕ್ಕ ಎನ್ನುತ್ತಾರೆ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆಯಂತೆ. ಆ ಹೆಸರಿನಿಂದ ಕೂಗಿದರೆ ತಿರುಗಿ ನೋಡುವುದು ಅವರಿಗೇ ಮರೆತುಹೋಗಿದೆ.

ಕೆಲಸ ಕೇಳಲು ಸುಲಭ. ಕಾರಿನ ಬಾಗಿಲಿಗೆ ಬಳಸುವ ತಗಡಿನ ತುಂಡುಗಳಿಗೆ ಬಣ್ಣ ಹೊಡೆಸಿ, ಚೂಪು ಮೊನೆಯಿಂದ ಕಬ್ಬಿಣ ಕಾಣುವ ತನಕ ಅಡ್ಡಡ್ಡ ಗೀರಬೇಕು. ನೂರು ಪಾಲಿನಲ್ಲಿ ಐದು ಪಾಲು ಉಪ್ಪಿರುವ ನೀರನ್ನು ಮಂಜು ಮಾಡಿ, ಮೂವತ್ತೈದು ಡಿಗ್ರಿ ಬಿಸಿಯಲ್ಲಿ, ಮೂವತ್ತು ದಿನ ಹಗಲೂ ರಾತ್ರಿ ಅವುಗಳ ಮೇಲೆ ಬಿಡಬೇಕು. ಕೊನೆಗೆ ಗೀರಿನಿಂದ ತುಕ್ಕು ಎಷ್ಟು ದೂರ ತೆವಳಿದೆ ಎಂದು ಅಳೆಯಬೇಕು. ಇಲ್ಲಿನ ಲೆಕ್ಕದಲ್ಲಿ ಎರಡು ಮಿಲಿಮೀಟರ್ ದಾಟಿದರೆ ತಗಡು ಫೇಲು. ಹತ್ತೊಂಬತ್ತು ವರ್ಷದಲ್ಲಿ ಐದು ಸಾವಿರಕ್ಕೂ ಹೆಚ್ಚು ತಗಡುಗಳನ್ನು ಹೀಗೆ ಹಾಳು ಮಾಡಿದ್ದಾರೆ. ಒಂದು ಮುಂಜಾನೆಯೂ ಬೇಸರವಾಗಿಲ್ಲ ಎನ್ನುತ್ತಾರೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ತುಕ್ಕು ಯಾಕೆ ಬರುತ್ತದೆ ಎಂದು ಕೇಳಿದರೆ ಸಾಕು, ಬೆರಳು ಮಡಚುತ್ತಾರೆ. "ಕಬ್ಬಿಣ, ನೀರು, ಗಾಳಿ. ಮೂರೂ ಸೇರಿದ್ರೆ ತುಕ್ಕು. ಉಪ್ಪು ಬಂದ್ರೆ ಕೆಲಸ ಬೇಗ ಬೇಗ ಆಗುತ್ತೆ. ಬಣ್ಣ ಅನ್ನೋದು ಮೂವರನ್ನೂ ದೂರ ಇಡೋಕೆ ಹಾಕಿರೋ ಗೋಡೆ ಅಷ್ಟೆ. ಗೋಡೇಲಿ ಒಂದು ಬಿರುಕು ಸಾಕು."

ಈ ಪಾಂಡಿತ್ಯದಿಂದ ನೆಂಟರು ಕಂಗಾಲಾಗಿದ್ದಾರೆ. ಯಾರ ಮನೆಗೆ ಹೋದರೂ ತುಕ್ಕಕ್ಕ ಮೊದಲು ಮಾತಾಡಿಸುವುದು ಅವರ ಕಾರನ್ನು. ಬಾಗಿಲಿನ ತಳದ ನೀರು ಹೋಗುವ ತೂತಿನಲ್ಲಿ ಮಣ್ಣು ಕಟ್ಟಿದೆಯೇ ಎಂದು ಬಗ್ಗಿ ನೋಡುತ್ತಾರೆ. ಚಕ್ರದ ಮೇಲಿನ ಕಮಾನಿಗೆ ಬಟ್ಟೆ ಸುತ್ತಿದ ಅಯಸ್ಕಾಂತ ಇಡುತ್ತಾರೆ. ಅದು ಅಂಟದೆ ಜಾರಿದರೆ, ಅಲ್ಲಿ ತಗಡು ಕರಗಿ ಯಾರೋ ಮೇಣದಂಥದ್ದು ಮೆತ್ತಿದ್ದಾರೆಂದು ಎಲ್ಲರ ಎದುರೇ ಸಾರುತ್ತಾರೆ. ನಾದಿನಿಯ ಗಂಡನಂತೂ ಇವರು ಬರುವ ಸುದ್ದಿ ತಿಳಿದರೆ ಕಾರನ್ನು ಪಕ್ಕದ ಬೀದಿಗೆ ದಾಟಿಸಿಬಿಡುತ್ತಾನೆ. ಇನ್ನು ಇವರ ಯಜಮಾನರದು ಒಂದೇ ದೂರು. "ಫ್ಯಾಕ್ಟರೀಲಿ ತಿಂಗಳಿಗೆ ಮೂಟೆಗಟ್ಟಲೆ ಉಪ್ಪು ಸುರೀತಾಳೆ. ಮನೆ ಅಡುಗೆಗೆ ಹಾಕೋಕೆ ಮಾತ್ರ ನೆನಪಿರಲ್ಲ."

ಕೋಣೆಯಲ್ಲಿ ಇವರದು ಒಂದೇ ಕಾನೂನು: ಬರಿಗೈಯಲ್ಲಿ ತಗಡು ಮುಟ್ಟಬಾರದು. ಬೆವರಿನಲ್ಲಿ ಉಪ್ಪಿರುತ್ತದೆ. ಕೈಗವಸಿಲ್ಲದೆ ಬಂದವರು ಯಾರೇ ಆಗಲಿ, ಮಂಗಳಾರತಿ ಖಂಡಿತ. ಒಮ್ಮೆ ಮ್ಯಾನೇಜರನ್ನೇ ಬಾಗಿಲಿನಿಂದ ವಾಪಸು ಕಳಿಸಿದ್ದಾರೆ.

ಇಂಥವರ ಪೆಟ್ಟಿಗೆಯಲ್ಲಿ ಕಳೆದ ವರ್ಷ ಹದಿನೇಳನೇ ತಗಡು ಕೈಕೊಟ್ಟಿತು. ಗೀರು ಚೆನ್ನಾಗಿಯೇ ಇತ್ತು. ಗೀರಿನಿಂದ ಎಷ್ಟೋ ದೂರದಲ್ಲಿ, ಏನೂ ಆಗಬಾರದ ಜಾಗದಲ್ಲಿ, ಬಣ್ಣ ಗುಳ್ಳೆ ಎದ್ದು ಕೆಂಪಾಗಿತ್ತು. ಅದೇ ತೊಟ್ಟಿಯಲ್ಲಿ ತೊಳೆದ ಮುನ್ನೂರು ಬಾಗಿಲುಗಳನ್ನು ತಡೆಹಿಡಿದರು. ಬಣ್ಣ ಹೊಡೆಯುವ ಮೊದಲು ತಗಡನ್ನು ಸರಿಯಾಗಿ ತೊಳೆದಿಲ್ಲ ಎಂದು ಎಲ್ಲರೂ ಬೆರಳು ತೋರಿಸಿದ್ದು ತೊಟ್ಟಿಯಣ್ಣನ ಕಡೆಗೆ. ತೊಳೆಯುವ ತೊಟ್ಟಿಗಳನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡು ಬಂದ ಮನುಷ್ಯ ಅವರು. ಸೋಮವಾರದೊಳಗೆ ಬೇರೆ ಕಾರಣ ಸಿಗದಿದ್ದರೆ ಅವರನ್ನು ಉಗ್ರಾಣಕ್ಕೆ ಎತ್ತಿಹಾಕುವುದೆಂದು ಮ್ಯಾನೇಜರ್ ತೀರ್ಮಾನಿಸಿದರು. ತೊಟ್ಟಿಯಣ್ಣ ಅರ್ಧ ಉಂಡ ಊಟದ ಡಬ್ಬಿ ಮುಚ್ಚಿಟ್ಟು ತೊಟ್ಟಿಗಳ ಕಡೆ ನಡೆದರು. ಅದನ್ನು ನೋಡಿದ ತುಕ್ಕಕ್ಕ ಹದಿನೇಳನೇ ತಗಡನ್ನು ಮತ್ತೆ ಹೊರಗೆ ತೆಗೆದರು.

ಭೂತಗನ್ನಡಿ ಹಿಡಿದು ನೋಡಿದಾಗ ಗುಳ್ಳೆಗಳು ಮೊಟ್ಟೆಯಾಕಾರದಲ್ಲಿ ಸಾಲುಗಟ್ಟಿದ್ದು ಕಂಡಿತು. ಅದು ಯಾರದೋ ಹೆಬ್ಬೆಟ್ಟು. ನಡುವೆ ಓರೆಯಾಗಿ ಒಂದು ಗೆರೆಯೂ ಇತ್ತು. ಬಣ್ಣಕ್ಕೆ ಮೊದಲು ಯಾರೋ ಬರಿಗೈಯಲ್ಲಿ ಮುಟ್ಟಿದ್ದಾರೆ ಎಂದು ತಿಳಿದದ್ದೇ ತುಕ್ಕಕ್ಕ ರೌದ್ರಾವತಾರ ತಾಳಿದರು. ಕಚೇರಿಯಿಂದ ಶಾಯಿಪ್ಯಾಡು ತರಿಸಿ ಬಣ್ಣದ ವಿಭಾಗದ ಹನ್ನೊಂದು ಜನರನ್ನೂ ಸಾಲಾಗಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಮ್ಯಾನೇಜರನ್ನೂ ಬಿಡಲಿಲ್ಲ. ಆಸ್ತಿ ಬರೆದುಕೊಡುತ್ತಿದ್ದೇನೆ ಎಂದು ಅವರು ನಗುತ್ತಲೇ ಒತ್ತಿದರು. ಒಂದರಲ್ಲೂ ಓರೆ ಗೆರೆ ಸಿಗಲಿಲ್ಲ.

ಎಲ್ಲರೂ ಹೋದ ಮೇಲೆ ತುಕ್ಕಕ್ಕ ಕೈಗೆ ಹತ್ತಿದ ಶಾಯಿ ತೊಳೆಯಲು ನಲ್ಲಿ ತಿರುಗಿಸಿದರು. ಬಲಗೈ ಹೆಬ್ಬೆರಳ ಮೇಲೆ, ಕೆಲಸಕ್ಕೆ ಸೇರಿದ ವರ್ಷ ತಗಡು ಕೊಯ್ದ ಗಾಯದ ಕಲೆ ಓರೆಯಾಗಿ ಮಲಗಿತ್ತು. ನೀರನ್ನು ಹರಿಯಲು ಬಿಟ್ಟು ಶಾಯಿಪ್ಯಾಡಿನ ಕಡೆ ನಡೆದರು. ಆಮೇಲೆ ಕಾಗದದ ಮೇಲೆ ಒತ್ತಿ ನೋಡಿದರು. ಗೆರೆಗೆ ಗೆರೆ ಕೂಡಿತು.

ತೊಳೆದು ಬಂದ ತಗಡುಗಳ ಬೆನ್ನಿಗೆ ನಂಬರ್ ಹೊಡೆದು ಬಣ್ಣಕ್ಕೆ ಕಳಿಸುವುದು ಇವರದೇ ಕೆಲಸ. ಪುಸ್ತಕದಲ್ಲಿ ತಾರೀಖು ನೋಡಿದ್ದೇ ನೆನಪಾಯಿತು. ಹದಿನಾರನೇ ತಗಡಿಗೆ ನಂಬರ್ ಹೊಡೆದಾಗ ಅಳಿಯನ ಫೋನು ಬಂದಿತ್ತು. ಗವಸು ತೆಗೆಯದೆ ಆ ಫೋನು ಮಾತು ಕೇಳುವುದಿಲ್ಲ. ಮಗಳಿಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದು ಅಳಿಯ ಹೇಳಿದ್ದ. ಖುಷಿಯಲ್ಲಿ ಕಣ್ಣೊರೆಸಿಕೊಂಡು, ಗವಸು ಮರೆತು, ಹದಿನೇಳನೆಯದನ್ನು ಎತ್ತಿಕೊಂಡಿದ್ದರು.

ಪರೀಕ್ಷೆ ಮಾಡುವವಳ ಹೆಬ್ಬೆಟ್ಟನ್ನು ಯಾರೂ ಕೇಳಿರಲಿಲ್ಲ, ಕೇಳುವವರೂ ಇರಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಈ ಸಲ ಉಪ್ಪು ಸರಿಯಾಗಿದೆ ಎಂದು ಯಜಮಾನರು ಹೊಗಳಿದರೂ ಕಿವಿಗೆ ಬೀಳಲಿಲ್ಲ. ಸೋಮವಾರ ಬೆಳಿಗ್ಗೆ ವರದಿಯ 'ಕಾರಣ' ಎಂಬ ಕಡೆ ಬರೆದರು: ಪರೀಕ್ಷಕಿಯ ಬೆವರು.

ಉಳಿದ ಇಪ್ಪತ್ತಮೂರು ತಗಡುಗಳು ಪಾಸಾಗಿದ್ದರಿಂದ ಬಾಗಿಲುಗಳು ಬಿಡುಗಡೆಯಾದವು. ತೊಟ್ಟಿಯಣ್ಣ ತೊಟ್ಟಿಯಲ್ಲೇ ಉಳಿದರು. ತುಕ್ಕಕ್ಕನಿಗೆ ಎಚ್ಚರಿಕೆ ಪತ್ರ ಸಿಕ್ಕಿತು, ಹತ್ತೊಂಬತ್ತು ವರ್ಷದಲ್ಲಿ ಮೊದಲನೆಯದು. ಅದನ್ನು ಕೊಡುವಾಗ ಮ್ಯಾನೇಜರ್ ಎದ್ದು ನಿಂತಿದ್ದರಂತೆ. ತೊಟ್ಟಿಯಣ್ಣ ಮಾತ್ರ ಈಗಲೂ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಅಕ್ಕ ಗವಸು ಹಾಕಿಕೊಂಡರಾ ಎಂದು ತುಂಬ ಗಂಭೀರವಾಗಿ ವಿಚಾರಿಸಿ ಹೋಗುತ್ತಾರೆ.

ಮುಂದಿನ ವರ್ಷ ನಿವೃತ್ತಿ. ಏನು ಬೇಕು ಎಂದು ಮ್ಯಾನೇಜರ್ ಈಗಲೇ ಕೇಳಿದ್ದಾರೆ.

"ಗಡಿಯಾರ ಗಿಡಿಯಾರ ಏನೂ ಬೇಡ, ಆ ಹದಿನೇಳನೇ ತಗಡು ಕೊಡಿ ಅಂದೆ. ಫೇಲಾದ ತಗಡು ಯಾಕಮ್ಮ ಅಂದ್ರು," ಎನ್ನುತ್ತಾ ತುಕ್ಕಕ್ಕ ಮುಚ್ಚಳ ಇಳಿಸುತ್ತಾರೆ. "ಮೊಮ್ಮಗಳು ಹುಟ್ಟಿದ್ದು ಕೇಳಿದಾಗ ನನ್ನ ಕೈ ಹೇಗೆ ಬೆವರಿತ್ತು ಅಂತ ಅದರಲ್ಲಿದೆ. ದೊಡ್ಡವಳಾದ ಮೇಲೆ ಅವಳಿಗೆ ತೋರಿಸ್ಬೇಕು."