ಎಲ್ಲಕ್ಕೂ ಸಾರು

ಅವರು ಕೂರುತ್ತಿದ್ದುದು ಶಿಶುವಿಹಾರದ ಪುಟಾಣಿ ಕುರ್ಚಿಯಲ್ಲಿ. ದಪ್ಪ ಮೈ, ಏಳುವಾಗ ಕುರ್ಚಿಯೂ ಸೊಂಟಕ್ಕೆ ಅಂಟಿಕೊಂಡು ಏಳುತ್ತಿತ್ತು. ವಡೋದರಾದ ನಮ್ಮ ಶಾಲೆಗೆ ಅವರು ಕೌನ್ಸೆಲರ್. ಆಗಿನ್ನೂ ಹೊಸ ಹುದ್ದೆ, ಸ್ವಂತ ಕೋಣೆಯಿರಲಿಲ್ಲ, ಆಟದ ಸಾಮಾನಿನ ನಡುವೆಯೇ ಒಂದು ಮೂಲೆ ಕೊಟ್ಟಿದ್ದರು. ಮಕ್ಕಳಿಗೆ ಅವರು ಬರೀ 'ಬೆನ್', ಅಂದರೆ ಅಕ್ಕ.

ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಧಾರವಾಡದಿಂದ ಬಂದಾಗ ನಾನು ಎರಡನೇ ಇಯತ್ತೆ. ನನ್ನ ಕನ್ನಡ ಕೇಳಿ ಕ್ಲಾಸಿನವರು ನಕ್ಕರು. ಆಮೇಲೆ ಮೂರು ತಿಂಗಳು ನಾನು ತುಟಿ ಪಿಟಕ್ಕೆನ್ನಲಿಲ್ಲ. ಹುಡುಗಿಗೆ ಬುದ್ಧಿ ಸಾಲದು, ಮಂದಮತಿ ಮಕ್ಕಳ ಶಾಲೆಗೆ ಸೇರಿಸಿ ಎಂದು ಟೀಚರು ಚೀಟಿ ಬರೆದರು. ಅದಕ್ಕೆ ಮೊದಲು ಬೆನ್ ಒಮ್ಮೆ ನೋಡಲಿ ಎಂದಾಯಿತು.

ಬೆನ್ ಅವಸರದವರಲ್ಲ. ಪ್ರಶ್ನೆ ಕೇಳಿ ಪೆನ್ಸಿಲ್ ಹೆರೆಯುತ್ತ ಕಾಯುತ್ತಿದ್ದರು. ನನ್ನ ಊಟದ ಡಬ್ಬಿ ತಟ್ಟಿ, "ಕೇವು ಛೇ?" ಎಂದರು. ಹೇಗಿದೆ ಎಂದು ಕೇಳಿದ್ದು. ಏನಿದೆ ಎಂದು ನಾನು ತಿಳಿದೆ. "ಸಾರು" ಎಂದೆ. ಗುಜರಾತಿಯಲ್ಲಿ ಅದಕ್ಕೆ 'ಚೆನ್ನಾಗಿದೆ' ಎಂದರ್ಥವೆಂದು ನನಗೇನು ಗೊತ್ತು! ಬೆನ್ ಮುಖವೆಲ್ಲ ನಗುವಾಯಿತು. ಆ ನಗುವಿನ ಆಸೆಗೆ ಡಬ್ಬಿಯಲ್ಲಿ ಏನೇ ಇರಲಿ, ದಿನವೂ ಸಾರೆಂದೆ. ಸ್ಕೂಲ್‌ಮಾ ಕೇವು ಛೇ? ಸಾರು. ಘರ್ ಕೇವು ಛೇ? ಸಾರು. ಹುಡುಗಿಗೆ ಶಾಲೆಯಲ್ಲೂ ಮನೆಯಲ್ಲೂ ತೊಂದರೆಯಿಲ್ಲ, ಮಾತಾಡದಿರಲು ಬೇರೆ ಕಾರಣ ಕಾಣದು, ಬುದ್ಧಿ ಸಾಲದೆಂದು ಟೀಚರು ಹೇಳಿದ್ದೇ ಸರಿಯಿರಬೇಕು ಎಂದು ಬೆನ್ ವರದಿ ಬರೆದುಬಿಟ್ಟರು.

ಆ ವರದಿಗೆ ಸಹಿ ಹಾಕಲು ಅಪ್ಪ, ಅವ್ವ ಬಂದರು. ನಾನು ಬಾಯಿ ಬಿಡುವುದನ್ನು ತೋರಿಸಲು ಬೆನ್ ಡಬ್ಬಿ ತಟ್ಟಿ ಕೇಳಿದರು. ನಾನು "ಸಾರು" ಎಂದೆ.

"ಎಲ್ಲೀ ಸಾರ? ಇವತ್ತ ಉಪ್ಪಿಟ್ಟು ಕಟ್ಟೇನಲ್ಲಾ!" ಎಂದಳು ಅವ್ವ.

ಬ್ಯಾಂಕಿನಲ್ಲಿ ಗುಜರಾತಿ ಕಲಿತಿದ್ದ ಅಪ್ಪ ಬಿದ್ದು ಬಿದ್ದು ನಕ್ಕು, ಆಮೇಲೆ ಅರ್ಥ ಬಿಡಿಸಿ ಹೇಳಿದರು. ಬೆನ್ ನಗಲಿಲ್ಲ. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು, "ಮೇರೀ ಗಲತೀ ಹೈ, ಬೇಟಾ" ಎಂದರು. ದೊಡ್ಡವರೊಬ್ಬರು ನನ್ನೆದುರು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ವರದಿ ಹರಿದು ಹಾಕಿ ಪ್ರಿನ್ಸಿಪಾಲರ ಹತ್ತಿರ ಹೋದರು, ಬೈಸಿಕೊಂಡರು, ಅದೇ ಶಾಲೆಯಲ್ಲಿ ನನಗೊಂದು ವರ್ಷದ ಅವಕಾಶ ಕೇಳಿ ತಂದರು.

ಮರುದಿನದಿಂದ ನನ್ನ ಹತ್ತಿರ ಅವರೇ ಕನ್ನಡ ಕಲಿಯತೊಡಗಿದರು. ನೀರು, ಹೊಟ್ಟೆನೋವು, ಹೆದರಿಕೆ. 'ಹೇದರೀಕೇ' ಎಂದು ಎಳೆದಾಗ ನಾನು ನಕ್ಕರೆ ಇನ್ನಷ್ಟು ಎಳೆಯುತ್ತಿದ್ದರು. ದೀಪಾವಳಿಯ ಹೊತ್ತಿಗೆ ನಾನು ಗುಜರಾತಿಯಲ್ಲೇ ಜಗಳವಾಡುತ್ತಿದ್ದೆ. ಬಾಯಿ ಜಾಸ್ತಿ ಎಂದು ಟೀಚರು ಮತ್ತೆ ಚೀಟಿ ಬರೆದರು.

ಬೆನ್ ತೀರಿಕೊಂಡಾಗ, ಅಪ್ಪನಿಗೆ ಮತ್ತೆ ವರ್ಗವಾಗಿ, ನಾವು ಸೂರತ್‌ನಲ್ಲಿದ್ದೆವು. ಸುದ್ದಿ ತಲುಪಿದ್ದು ಎರಡು ತಿಂಗಳ ಮೇಲೆ. ಅವರಿಲ್ಲದಿದ್ದರೆ ನನ್ನನ್ನು ಆ ವರ್ಷವೇ ಶಾಲೆ ಬಿಡಿಸುತ್ತಿದ್ದರು. ಅಷ್ಟೆಲ್ಲ ಮಾತು ಕಲಿತ ನಾನು ಇದೊಂದನ್ನು ಅವರಿಗೆ ಹೇಳಲೇ ಇಲ್ಲ.